ಒಂದೂವರೆ ಕೊಡದ ಜಲಾಶಯ

ನವಿಲುತೀರ್ಥದ ಸುತ್ತಮುತ್ತಲಿನವರಿಗೆ ನೀರಿನ ಲೆಕ್ಕ ಬಾಯಿಪಾಠ. ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ, ತುಂಬಿದರೆ ಹಿಡಿಯುವುದು 37.73 ಟಿಎಂಸಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದಿದೆಯೋ ಬಿಟ್ಟಿದೆಯೋ, ಒಳಹರಿವು ಏರಿತೋ ಇಳಿಯಿತೋ ಎಂಬುದನ್ನು ಇಲ್ಲಿ ಚಹಾದಂಗಡಿಯ ಬಾಕಿನ ಮೇಲೆ ಕೂತವರೂ ಹೇಳಿಬಿಡುತ್ತಾರೆ. ಆ ಚಟ ನನಗೂ ಅಂಟಿದೆ. ನಾನು ನೋಡಿಕೊಳ್ಳುವ ಜಲಾಶಯ ಮಾತ್ರ ಬಹಳ ಸಣ್ಣದು: ಪಡಸಾಲೆಯ ಕಿಟಕಿಕಟ್ಟೆಯ ಮೇಲೆ ಒಂದೂವರೆ ಕೊಡ, ಅಂದರೆ ಹೆಚ್ಚುಕಡಿಮೆ 20 ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಭರಣಿ. ಒಳಗೆ ಒಬ್ಬನೇ ನಿವಾಸಿ, ಬೆಟ್ಟಾ ಮೀನು. ಮೈ ಕಡುನೀಲಿ; ರೆಕ್ಕೆಯ ಅಂಚು ಇಳಕಲ್ ಸೀರೆಯ ಸೆರಗಿನ ಹಾಗೆ ಕೆಂಪು.

ಇವನ ತವರು ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ಕೆಸರು ಕಾಲುವೆ. ಅಲ್ಲಿಯವರು ಗಂಡುಗಳನ್ನು ಎದುರುಬದುರು ಬಿಟ್ಟು ಕಾದಾಡಿಸಿ ಪಣ ಕಟ್ಟುತ್ತಿದ್ದರು. ಕಾದಾಟಕ್ಕೆಂದೇ ತಳಿ ಬೆಳೆಸಿದರು. 1910ರಲ್ಲಿ ಚಾರ್ಲ್ಸ್ ಟೇಟ್ ರೇಗನ್ ಎಂಬ ಬ್ರಿಟಿಷ್ ಮತ್ಸ್ಯವಿಜ್ಞಾನಿ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂದು ಹೆಸರಿಟ್ಟ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಜಟ್ಟಿಯ ಮನೆತನದವನಾದ್ದರಿಂದ ಇವನಿಗೆ ಇನ್ನೊಂದು ಗಂಡಿನ ನೆರಳೂ ಆಗಿಬರುವುದಿಲ್ಲ. ಭರಣಿಯ ಮುಂದೆ ಕನ್ನಡಿ ಹಿಡಿದರೆ ಸಾಕು, ಕಿವಿರಿನ ಮುಚ್ಚಳ ಅಗಲಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ, ತನಗೆ ತಾನೇ ಸವಾಲು ಹಾಕುತ್ತಾನೆ. ಒಂದು ಗಳಿಗೆ ನೋಡಿ ಕನ್ನಡಿ ತೆಗೆದುಬಿಡಬೇಕು. ಗೆಲ್ಲಲಾಗದ ಶತ್ರುವಿನ ಜೊತೆ ಬಹಳ ಹೊತ್ತು ಬಿಟ್ಟರೆ ಮೀನು ದಣಿಯುತ್ತದೆ.

ಅಂಗಡಿಯಲ್ಲಿ ಬೆಟ್ಟಾವನ್ನು ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಅದಕ್ಕೊಂದು ಕಾರಣವಿದೆ. ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ, ರಕ್ತನಾಳಗಳಿಂದ ತುಂಬಿದ ಒಂದು ಅಂಗ ಇವನಿಗಿದೆ, ಲ್ಯಾಬಿರಿಂತ್ ಎನ್ನುತ್ತಾರೆ. ಆಗಾಗ ಮೇಲೆ ಬಂದು, ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗಿ ಅದರಲ್ಲಿ ಉಸಿರಾಡುತ್ತಾನೆ. ಬೇಸಿಗೆಯಲ್ಲಿ ಗದ್ದೆಯ ನೀರು ಕಾದು ಪ್ರಾಣವಾಯು ಕಡಿಮೆಯಾದಾಗ ಜೀವ ಉಳಿಸುವ ಉಪಾಯವಿದು. ಅದನ್ನೇ ನೆಪ ಮಾಡಿಕೊಂಡು ಜನ ಹೂದಾನಿಯಲ್ಲಿ ಮೀನು ಬಿಟ್ಟು, ಮೇಲೆ ಪೀಸ್ ಲಿಲಿ ಗಿಡ ಸಿಕ್ಕಿಸಿ, ‘ಬೇರು ತಿಂದುಕೊಂಡು ಇರ್ತೈತಿ, ಏನೂ ಹಾಕೂದು ಬ್ಯಾಡ’ ಎಂದು ಉಡುಗೊರೆ ಕೊಡುವುದೂ ಉಂಟು. ಬೆಟ್ಟಾ ಅಪ್ಪಟ ಮಾಂಸಾಹಾರಿ; ಬೇರಿನಿಂದ ಅವನ ಹೊಟ್ಟೆ ತುಂಬುವುದಿಲ್ಲ. ಹೂದಾನಿಯ ಬಾಯಿಯನ್ನು ಗಿಡವೇ ಮುಚ್ಚಿದರೆ ಮೇಲೆ ಬಂದು ಗಾಳಿ ಎಳೆಯಲಾಗದೆ ನೀರಿನಲ್ಲೇ ಉಸಿರುಗಟ್ಟುತ್ತಾನೆ. ಕೆಟ್ಟ ನೀರನ್ನು ನಾಲ್ಕು ದಿನ ತಾಳಿಕೊಳ್ಳುವುದು ಬೇರೆ, ಬಾಳುವುದು ಬೇರೆ.

ನೀರು ಕಡಿಮೆಯಾದಷ್ಟೂ ಕೆಲಸ ಹೆಚ್ಚು ಎಂಬುದು ಈ ಹವ್ಯಾಸದ ಮೊದಲ ಪಾಠ. ದೊಡ್ಡ ಜಲಾಶಯಕ್ಕೆ ಒಂದು ಹೊಲದ ಹೊಲಸು ಬಂದು ಬಿದ್ದರೂ ನುಂಗಿಕೊಳ್ಳುತ್ತದೆ. ಭರಣಿಯಲ್ಲಿ ತಿನ್ನದೆ ಉಳಿದ ಎರಡು ಕಾಳು ಕೊಳೆತರೂ ನೀರು ನಾರುತ್ತದೆ. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾ ಅದಕ್ಕೇ ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆಯವು. ನೈಟ್ರೈಟೂ ವಿಷವೇ, ಅದನ್ನು ಅಷ್ಟಾಗಿ ಕಾಡದ ನೈಟ್ರೇಟ್ ಮಾಡುವಂಥವು ಇನ್ನೊಂದು ಬಗೆಯವು. ಇವು ಹರಳಿಗೆ, ಗಾಜಿಗೆ ಅಂಟಿಕೊಂಡು ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ನನ್ನ ಭರಣಿಯಲ್ಲಿ ಅವುಗಳಿಗೆಂದೇ ಖಾನಾಪುರದ ಮಣ್ಣಿನ ಗಡಿಗೆಯ ಅರ್ಧ ಹೋಳನ್ನು ಮಗುಚಿ ಹಾಕಿದ್ದೇನೆ. ಖಾನಾಪುರ ಇರುವುದೂ ಮಲಪ್ರಭೆಯ ದಂಡೆಯಲ್ಲೇ, ನಮಗಿಂತ ಮೇಲೆ; ಅಲ್ಲಿಯ ಕುಂಬಾರಿಕೆಗೆ ಹಳೆಯ ಹೆಸರಿದೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳು ಬ್ಯಾಕ್ಟೀರಿಯಾಕ್ಕೆ ಮನೆ, ಹೋಳಿನ ಕೆಳಗಿನ ಕತ್ತಲೆ ಮೀನಿಗೆ ಮಲಗುವ ಕೋಣೆ. ಭರಣಿಯ ಅಂಚಿಗೆ ಮನಿಪ್ಲಾಂಟಿನ ಒಂದು ಕುಡಿ ಸಿಕ್ಕಿಸಿದ್ದೇನೆ. ಬಾಯಿ ತೆರೆದೇ ಇರುತ್ತದೆ, ಬೇರು ಮಾತ್ರ ಇಳಿಬಿದ್ದು ನೈಟ್ರೇಟ್ ಹೀರುತ್ತದೆ.

ಅಣೆಕಟ್ಟಿನ ಮಗ್ಗುಲಲ್ಲೇ ಇದ್ದರೂ ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್ಲು, ಹಂಡೆ, ಕೊಡ ಎಲ್ಲ ತುಂಬಿಡಬೇಕು. ಮನೆಯವರಿಗೆ ಇದು ಕಿರಿಕಿರಿ, ಮೀನಿಗೆ ಅನುಕೂಲ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಮೀನಿಗೂ ಆಗದು, ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಕ್ಕೂ ಆಗದು. ಬಕೆಟ್ಟಿನಲ್ಲಿ ತೆರೆದಿಟ್ಟ ನೀರಿನಿಂದ ಒಂದೆರಡು ದಿನದಲ್ಲಿ ಅದು ಹಾರಿಹೋಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಹಳೆಯ ನೀರನ್ನು ಸಣ್ಣ ನಳಿಕೆಯಿಂದ ತಳದ ಕಸದ ಸಮೇತ ಎಳೆದು, ತಂಗಿದ ನೀರನ್ನು ಗಡಿಗೆಯ ಹೋಳಿನ ಮೇಲೆ ಮೆಲ್ಲಗೆ ಸುರಿಯುತ್ತೇನೆ. ಹೊರತೆಗೆದದ್ದು ಮಲ್ಲಿಗೆ ಬಳ್ಳಿಗೆ. ಒಳಹರಿವು, ಹೊರಹರಿವು, ಕೆಳಗಿನ ಬೆಳೆಗೆ ನೀರು: ಲೆಕ್ಕ ಅಲ್ಲಿಯದೇ, ಟಿಎಂಸಿ ಮಾತ್ರ ಇಲ್ಲ.

ಕೊಡುವ ಊಟ ದಿನಕ್ಕೆ ನಾಲ್ಕಾರು ಒಣ ಕಾಳು, ಹಬ್ಬದೂಟ ಸೊಳ್ಳೆಮರಿ. ಮಾಳಿಗೆಯ ಮೇಲೆ ಒಂದು ಬೋಗುಣಿ ನೀರಿಟ್ಟಿರುತ್ತೇನೆ. ಸೊಳ್ಳೆಮರಿ ಕಂಡ ಕೂಡಲೇ, ಅವಕ್ಕೆ ರೆಕ್ಕೆ ಬರುವ ಮೊದಲೇ ಚಹಾ ಸೋಸುವ ಜಾಳಿಗೆಯಲ್ಲಿ ಎತ್ತಿ ಬೋಗುಣಿ ಖಾಲಿ ಮಾಡುತ್ತೇನೆ. ಡೆಂಗಿಯ ಕಾಲದಲ್ಲಿ ಮನೆಮನೆ ನೋಡಲು ಬರುವ ಆಶಾ ಕಾರ್ಯಕರ್ತೆಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಒಮ್ಮೆ ಅವರೆದುರೇ ಜಾಳಿಗೆಯನ್ನು ಭರಣಿಗೆ ಕೊಡವಿದೆ. ಮರಿಗಳು ತಲೆಕೆಳಗಾಗಿ ನೀರಿನ ಮೇಲ್ಪದರಕ್ಕೆ ಜೋತುಬಿದ್ದವು. ಮೀನು ಗಡಿಗೆಯ ಹೋಳಿನಿಂದ ಹೊರಬಂದು, ನಿಂತಲ್ಲೇ ನಿಂತು, ಎರಡೂ ಕಣ್ಣನ್ನು ಒಂದೇ ಮರಿಯ ಕಡೆ ತಿರುಗಿಸಿತು. ಬಾಲ ಸ್ವಲ್ಪ ಬಾಗಿತು. ಮುಂದಿನದು ಕಣ್ಣಿಗೆ ಸಿಗಲಿಲ್ಲ. ಮರಿ ಇತ್ತು, ಈಗ ಇಲ್ಲ. ‘ಇಲಾಖೆಯವರು ಕೆರಿಗೆ ಗಪ್ಪಿ, ಗಂಬೂಸಿಯಾ ಬಿಡ್ತಾರಲ್ರೀ, ಇದೂ ಹಂಗ’ ಎಂದೆ. ‘ಹಂಗಾದ್ರ ಬೋಗುಣಿಗೂ ಒಂದು ಬಿಡ್ರಿ’ ಎಂದು ಬರೆದುಕೊಂಡು ಹೋದರು.

ಮನಸ್ಸು ನೆಟ್ಟಗಿದ್ದಾಗ ಅವನು ಗೂಡು ಕಟ್ಟುತ್ತಾನೆ. ಮೇಲೆ ಬಂದು ಗಾಳಿ ನುಂಗಿ, ಜೊಲ್ಲಿನಲ್ಲಿ ಸುತ್ತಿ, ಸಾಸಿವೆಗಿಂತ ಸಣ್ಣ ಗುಳ್ಳೆಯನ್ನು ಮನಿಪ್ಲಾಂಟಿನ ಎಲೆ ನೀರಿಗೆ ತಾಗಿದ ಜಾಗದಲ್ಲಿ ಉಗುಳುತ್ತಾನೆ. ಮತ್ತೆ ಗಾಳಿ, ಮತ್ತೆ ಗುಳ್ಳೆ. ಸಂಜೆಯೊಳಗೆ ರೂಪಾಯಿ ಅಗಲದ ಬಿಳಿ ನೊರೆ. ಹೆಣ್ಣು ಇದ್ದಿದ್ದರೆ ಮೊಟ್ಟೆಗಳನ್ನು ಬಾಯಲ್ಲಿ ಎತ್ತಿ ಈ ನೊರೆಗೆ ಸೇರಿಸುತ್ತಿದ್ದ. ಮರಿ ಒಡೆದು ಈಜುವ ತನಕ, ಜಾರಿ ಬಿದ್ದದ್ದನ್ನೆಲ್ಲ ಹೆಕ್ಕಿ ಮರಳಿ ಇಡುತ್ತಿದ್ದ. ಆ ಕೆಲಸವೆಲ್ಲ ಗಂಡಿನದೇ. ಮೊಟ್ಟೆಯಿಟ್ಟ ಹೆಣ್ಣನ್ನು ಹತ್ತಿರವೂ ಸೇರಿಸುವುದಿಲ್ಲ. ಹೆಣ್ಣಿಲ್ಲದಿದ್ದರೂ ಗೂಡು ಕಟ್ಟುತ್ತಾನೆ. ನೀರು ಬದಲಿಸುವ ದಿನ ಆ ನೊರೆ ಒಡೆಯದಂತೆ ಸುರಿಯುವುದರಲ್ಲಿ ನನಗೂ ಒಂದು ಕೈಚಳಕ ಬಂದಿದೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ನೆಂಟರು ನಮ್ಮಲ್ಲಿ ಒಂದು ರಾತ್ರಿ ತಂಗುತ್ತಾರೆ. ಆಗ ಚಳಿ. ಇವನಿಗೆ 24ರಿಂದ 28 ಡಿಗ್ರಿಯ ಬಿಸುಪು ಬೇಕು. ನೀರು ತಣ್ಣಗಾದರೆ ತಳ ಹಿಡಿದು ಕೂರುತ್ತಾನೆ. ಹಾಗಾಗಿ ಭರಣಿಯಲ್ಲಿ ಸಣ್ಣದೊಂದು ಹೀಟರ್ ಉರಿಯುತ್ತಿರುತ್ತದೆ. ಕರೆಂಟು ಹೋದರೆ ಭರಣಿಗೆ ಕೌದಿ ಸುತ್ತುತ್ತೇನೆ. ಅದನ್ನು ಕಂಡ ಹಿರಿಯರೊಬ್ಬರು, ‘ಹಾಲ ಕೊಡೂದಿಲ್ಲ, ತಿನ್ನಾಕ ಬರೂದಿಲ್ಲ, ಇದಕ್ಕ ಕೌದಿ ಬ್ಯಾರೆ!’ ಎಂದರು. ಬೆಳಿಗ್ಗೆ ಗುಡ್ಡಕ್ಕೆ ಹೊರಡುವ ಹೊತ್ತಿಗೆ ಭರಣಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತವರು ಅವರೇ.

ಹೀಗೆ ಕೂತವರಲ್ಲಿ ಕೆಲವರು ತಮಗೂ ಒಂದು ಬೇಕೆನ್ನುತ್ತಾರೆ. ಅವರಿಗೆ ಮೀನಿನ ಅಂಗಡಿಯ ವಿಳಾಸ ಕೊಡುವುದಿಲ್ಲ. ನನ್ನ ಭರಣಿಯ ಒಂದು ಹಿಡಿ ಹರಳು, ಮನಿಪ್ಲಾಂಟಿನ ಒಂದು ಕುಡಿ ಕೊಟ್ಟು, ‘ಮೊದಲು ಒಂದು ತಿಂಗಳು ಬರೀ ನೀರು ಸಾಕ್ರಿ, ದಿನಾ ಒಂದು ಚಿಟಿಕೆ ಮೀನಿನ ಕಾಳು ಹಾಕ್ರಿ, ವಾರಕ್ಕೊಮ್ಮೆ ನೀರು ಬದಲಿಸ್ರಿ’ ಎನ್ನುತ್ತೇನೆ. ಖಾಲಿ ನೀರಿಗೆ ಊಟ ಹಾಕುವುದೇ ಎಂದು ನಕ್ಕು ಹೋದವರು ಮತ್ತೆ ಕೇಳುವುದಿಲ್ಲ. ತಿಂಗಳು ಕಳೆದ ಮೇಲೆ ಫೋನು ಮಾಡಿ, ‘ನೀರು ತಿಳಿಯಾಗೇತ್ರಿ, ಇನ್ನ ಮೀನ ತರಲ್ಯಾ?’ ಎಂದು ಕೇಳುವವರೂ ಇದ್ದಾರೆ. ಅಂಗಡಿಯ ವಿಳಾಸ ಅವರಿಗೆ ಹೇಳುತ್ತೇನೆ.