ಸಂತೆಯ ತಕ್ಕಡಿ ಕಲಿಸಿದ ಪಾಠ

ಲೆಕ್ಕ ಬಾರದ ದಡ್ಡನೆಂದು ತರಗತಿಯಲ್ಲಿ ನಾನು ಹೀಯಾಳಿಸಿದ ಹುಡುಗನೊಬ್ಬನ ನೆನಪು, ಮೂರೂವರೆ ದಶಕಗಳು ಕಳೆದರೂ ನನ್ನನ್ನು ಬಿಟ್ಟಿಲ್ಲ. ಮಕ್ಕಳ ಅಂಕಪಟ್ಟಿ ಹಿಡಿದು ಚಿಂತಿಸುವ ಪಾಲಕರನ್ನು ಕಂಡಾಗಲೆಲ್ಲ ಅವನೇ ಕಣ್ಣಮುಂದೆ ನಿಲ್ಲುತ್ತಾನೆ.

ನನ್ನ ವಿದ್ಯಾಭ್ಯಾಸವಾದದ್ದು ಮಠದ ಸಂಸ್ಕೃತ ಪಾಠಶಾಲೆಯಲ್ಲಿ. ಬೆಳಗಿನ ಜಾವ ಎದ್ದು ಶಬ್ದರೂಪಗಳನ್ನೂ ಅಮರಕೋಶವನ್ನೂ ಕಂಠಸ್ಥ ಮಾಡಿದವನು ನಾನು. ವ್ಯಾಕರಣಕ್ಕೆ ಆ ಮಾರ್ಗ ಒಗ್ಗಿತು. ಆದ್ದರಿಂದ ಎಲ್ಲ ವಿದ್ಯೆಗೂ ಅದೇ ಮಾರ್ಗವೆಂದು ಭ್ರಮಿಸಿದ್ದೆ. ಮುಂದೆ ಪ್ರೌಢಶಾಲೆಯೊಂದರಲ್ಲಿ ಭಾಷಾ ಪಂಡಿತನಾದೆ. 1988ರಲ್ಲಿ ಅಲ್ಲಿನ ಗಣಿತದ ಅಧ್ಯಾಪಕರು ವರ್ಗವಾಗಿ ಹೋದರು. ಬೇರೊಬ್ಬರು ಬರುವವರೆಗೆ ಎಂಟನೆಯ ತರಗತಿಯ ಗಣಿತ, ವಿಜ್ಞಾನಗಳೆರಡೂ ನನ್ನ ಪಾಲಿಗೆ ಬಂದವು. ಸೂತ್ರಗಳನ್ನು ಶ್ಲೋಕಗಳಂತೆ ಬಾಯಿಪಾಠ ಮಾಡಿಸತೊಡಗಿದೆ.

ಆ ಹುಡುಗ ಈರುಳ್ಳಿ ವ್ಯಾಪಾರಿಯ ಮಗ. 2.25ನ್ನು 12ರಿಂದ ಗುಣಿಸೆಂದರೆ ಬಿಂದುವನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ 270, ಮತ್ತೊಮ್ಮೆ 2.7 ಎಂದು ಬರೆಯುತ್ತಿದ್ದ. 'ಸಂತೆಯಲ್ಲಿ ಚೀಲ ಹೊರುವುದಕ್ಕೇ ನೀನು ಲಾಯಕ್ಕು' ಎಂದುಬಿಟ್ಟೆ. ತರಗತಿ ನಕ್ಕಿತು. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ.

ಕೆಲವು ದಿನಗಳ ಅನಂತರ ಸಂತೆಯಲ್ಲಿ ಅವನನ್ನು ಕಂಡೆ. ಕಿಲೋಗೆ ಎರಡೂಕಾಲು ರೂಪಾಯಿಯಂತೆ ಹನ್ನೆರಡು ಕಿಲೋ ಈರುಳ್ಳಿ ಕೊಂಡವರೊಬ್ಬರಿಗೆ ಅವನು ಕ್ಷಣಮಾತ್ರದಲ್ಲಿ ಇಪ್ಪತ್ತೇಳು ರೂಪಾಯಿ ಎಂದ. 'ಹೇಗೆ ಲೆಕ್ಕ ಹಾಕಿದೆ?' ಎಂದೆ. 'ನಾಲ್ಕು ಕಿಲೋಕ್ಕ ಒಂಬತ್ತು ರೂಪಾಯಿ ರೀ. ಅಂಥಾವು ಮೂರು' ಎಂದ. ನಾನು ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕವೇ ಅದು! ನಾನು ಮಾತಿಲ್ಲದೆ ನಿಂತೆ.

ಅಷ್ಟರಲ್ಲಿ ಪಕ್ಕದ ಅಂಗಡಿಯವನ ತೂಕದ ವಿಷಯವಾಗಿ ತಕರಾರೆದ್ದಿತು. ಹುಡುಗ ಹೋಗಿ ಸಾಮಾನನ್ನೂ ಬಟ್ಟನ್ನೂ ಅದಲುಬದಲು ಮಾಡಿಟ್ಟ. ಸಮನಾಗಿದ್ದ ದಂಡಿಗೆ ಒಂದು ಕಡೆಗೆ ವಾಲಿತು. ಬರಿದಾಗಿದ್ದಾಗ ನೆಟ್ಟಗೆ ನಿಲ್ಲುವ ತಕ್ಕಡಿಯೂ ಮೋಸ ಮಾಡಬಲ್ಲದೆಂಬುದನ್ನು ಅವನು ತಂದೆಯ ಬಳಿ ಕಲಿತಿದ್ದ. ಅದರ ಕಾರಣ ಅವನಿಗೆ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

ಅಂದು ರಾತ್ರಿ ವಿಜ್ಞಾನದ ಪುಸ್ತಕದಲ್ಲಿ ಸನ್ನೆಗೋಲಿನ ಪಾಠವನ್ನು ಮೊದಲ ಬಾರಿಗೆ ಅರ್ಥಕ್ಕಾಗಿ ಓದಿದೆ. ಮರುದಿನ ಅವನ ಮನೆಗೆ ಹೋಗಿ, 'ಒಂದು ದಿನದ ಮಟ್ಟಿಗಾದರೂ ಬಂದು ನಮಗೆ ತಕ್ಕಡಿಯ ಪಾಠ ಹೇಳು' ಎಂದು ಬೇಡಿಕೊಂಡೆ. ಅವನು ಬಂದ.

ಎಪ್ಪತ್ತು ಸೆಂಟಿಮೀಟರಿನ ಬಿದಿರು ಕೋಲಿಗೆ ಒಂದು ಬದಿ 30, ಇನ್ನೊಂದು ಬದಿ 40 ಸೆಂಟಿಮೀಟರು ಉಳಿಯುವಂತೆ ದಾರ ಕಟ್ಟಿದೆವು. ಚಿಕ್ಕ ಬದಿಯ ತಟ್ಟೆಯ ಅಡಿಗೆ ಜೇಡಿಮಣ್ಣು ಮೆತ್ತಿ ದಂಡಿಗೆಯನ್ನು ಸಮ ಮಾಡಿದೆವು. ಬೆಲ್ಲದ ಉಂಡೆಯೊಂದನ್ನು ಚಿಕ್ಕ ಬದಿಗಿಟ್ಟು ತೂಗಿದಾಗ 900 ಗ್ರಾಂ. ಉದ್ದದ ಬದಿಗಿಟ್ಟಾಗ 1600 ಗ್ರಾಂ! ನಿಜವಾದ ತೂಕವೆಷ್ಟು? ಎರಡರ ನಡುವಣದು, ಅಂದರೆ 1250 ಎಂದು ಮಕ್ಕಳೆಲ್ಲ ಕೂಗಿದರು. ಅವನೂ ಹಾಗೆಯೇ ಎಂದ. ಕಿರಾಣಿ ಅಂಗಡಿಯ ಸರಿಯಾದ ತಕ್ಕಡಿ ಮಾತ್ರ 1200 ಎಂದಿತು.

ಆಗ ತೂಕವನ್ನೂ ದೂರವನ್ನೂ ಗುಣಿಸಿ ತೋರಿಸಿದೆ. 1200ನ್ನು 30ರಿಂದ ಗುಣಿಸಿದರೆ 36,000. 900ನ್ನು 40ರಿಂದ ಗುಣಿಸಿದರೂ ಅಷ್ಟೇ. ಇದೇ ಸನ್ನೆಗೋಲಿನ ನಿಯಮ. ಇನ್ನು ಎರಡು ತೂಕಗಳನ್ನು ಪರಸ್ಪರ ಗುಣಿಸಿ ವರ್ಗಮೂಲ ತೆಗೆದರೆ, ಕೋಲಿನ ಅಳತೆ ಗೊತ್ತಿಲ್ಲದಿದ್ದರೂ 1200 ದೊರೆಯುತ್ತದೆ. ವರ್ಗಮೂಲದಿಂದ ಏನು ಪ್ರಯೋಜನವೆಂದು ಅಂದಿನವರೆಗೆ ಯಾರೂ ಕೇಳಿರಲಿಲ್ಲ; ನಾನೂ ಹೇಳಿರಲಿಲ್ಲ. ಆ ಹುಡುಗ ಎದ್ದುನಿಂತು, 'ಇದು ಎಲ್ಲಾ ತೂಕಕ್ಕೂ, ಎಲ್ಲಾ ತಕ್ಕಡಿಗೂ ನಡೀತದೇನ್ರಿ?' ಎಂದು ಕೇಳಿದ. ನನ್ನ ತರಗತಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಅದು. ಒಂದು ಬೆಲ್ಲದುಂಡೆಯಿಂದ ಜಗತ್ತಿನ ನಿಯಮಕ್ಕೆ ಅವನು ತಾನಾಗಿಯೇ ಹೆಜ್ಜೆಯಿಟ್ಟಿದ್ದ.

ಆದರೆ ಅದೇ ಅವನ ಶಾಲೆಯ ಕಡೆಯ ದಿನವಾಯಿತು. ಮನೆಯವರು ಅವನನ್ನು ವ್ಯಾಪಾರಕ್ಕೆ ಹಚ್ಚಿಯಾಗಿತ್ತು. ನನ್ನ ಒಂದು ಮಾತು ಮುಚ್ಚಿದ ಬಾಗಿಲನ್ನು ನನ್ನ ನೂರು ಮಾತುಗಳು ತೆರೆಯಲಾರದೆ ಹೋದವು.

ಇದು ನಮ್ಮ ಊರೊಂದರ ಕಥೆಯಲ್ಲವೆಂದು ಬಹುಕಾಲದ ಮೇಲೆ ತಿಳಿಯಿತು. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ವಿದ್ವಾಂಸರು ಪರೀಕ್ಷಿಸಿ, 1985ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಪಾರದ ನಡುವೆ ನೂರಕ್ಕೆ 98ರಷ್ಟು ಲೆಕ್ಕಗಳನ್ನು ಸರಿಯಾಗಿ ಮಾಡಿದ ಆ ಮಕ್ಕಳು, ಅದೇ ಬಗೆಯ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ 37ರಷ್ಟನ್ನು ಮಾತ್ರ ಸರಿಯಾಗಿ ಮಾಡಿದರು. ನಮ್ಮ ಹಿರಿಯರು ಈ ಸೂಕ್ಷ್ಮವನ್ನು ಬಲ್ಲವರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗಣಿತ ಗ್ರಂಥದ ಹೆಸರೇ 'ವ್ಯವಹಾರ ಗಣಿತ'. ಶಾಲೆಯ ಅರಿವು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿತು.

ಆದರೆ ಬಂಧುಗಳೇ, ಬದುಕಿನ ಉದಾಹರಣೆಯಷ್ಟೇ ಸಾಲದು. ಸಂತೆ ಮೋಸವನ್ನು ಹಿಡಿಯಲು ಕಲಿಸಿತ್ತು; ನಿಜವಾದ ತೂಕವನ್ನು ಕಾಣಲು ಶಾಲೆಯೇ ಬೇಕಾಯಿತು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಈ ಕೆಲಸ ಮನೆಯಲ್ಲಿಯೂ ಆಗಬಹುದು. ಒಂದು ಮೀಟರಿನ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿರಿ. ಅದರ ನೆರಳು 80 ಸೆಂಟಿಮೀಟರು, ಅದೇ ಹೊತ್ತಿಗೆ ತೆಂಗಿನಮರದ ನೆರಳು 12 ಮೀಟರು ಇದ್ದರೆ, ಮರ ಹತ್ತದೆಯೇ ಅದರ ಎತ್ತರ 15 ಮೀಟರೆಂದು ಮಗು ಹೇಳೀತು. ದಾರಕ್ಕೆ ಕಲ್ಲು ಕಟ್ಟಿ ತೂಗಿಸಿರಿ. 25 ಸೆಂಟಿಮೀಟರು ದಾರವಾದರೆ ಹೋಗಿ ಬರಲು ಸುಮಾರು ಒಂದು ಸೆಕೆಂಡು. ಒಂದು ಮೀಟರಾದರೆ ಎರಡು. ದಾರ ನಾಲ್ಕು ಪಟ್ಟಾದರೂ ಕಾಲವೇಕೆ ಎರಡೇ ಪಟ್ಟೆಂದು ಕೇಳಿರಿ. ವಿದ್ಯುತ್ ಬಿಲ್ಲನ್ನು ಮಕ್ಕಳ ಕೈಗೆ ಕೊಡಿರಿ. ಹತ್ತು ವ್ಯಾಟಿನ ದೀಪ ನೂರು ಗಂಟೆ ಉರಿದರೆ ಒಂದು ಯೂನಿಟ್ ಎಂಬುದನ್ನು ಅವರೇ ಕಂಡುಕೊಳ್ಳಲಿ. ಉತ್ತರ ತಪ್ಪಿದರೆ ಗದರಿಸುವ ಮೊದಲು, 'ಹೇಗೆ ಲೆಕ್ಕ ಹಾಕಿದೆ?' ಎಂದು ಕೇಳಿರಿ.

ಸಂತೆಯಲ್ಲಿ ನಾನು ಕೇಳಿದ ಆ ಮೂರು ಪದಗಳನ್ನು ತರಗತಿಯಲ್ಲಿಯೇ ಕೇಳಿದ್ದರೆ, ಆ ಹುಡುಗ ಶಾಲೆಯಲ್ಲಿ ಉಳಿಯುತ್ತಿದ್ದನೇನೋ.