ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಒಂದು ಗ್ರಂಥಯಾತ್ರೆ

ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸಿ, ಅವುಗಳಲ್ಲಿ ಅತಿ ಕಷ್ಟಕರವಾದ ನಾಲ್ಕರ ಪೈಕಿ ಮದ್ಯಪಾನವನ್ನೇ ಮೊದಲಿಗೆ ಹೇಳಿದೆ. ಹಳೆಯ ಪುಸ್ತಕಗಳನ್ನು ಕೂಡಿಡುವ ಚಟವು ಆ ಪಟ್ಟಿಯಲ್ಲಿ ಸೇರಿಲ್ಲವೆಂಬುದೇ ನಮಗೊಂದು ಸಮಾಧಾನ. ನಮ್ಮ ಗೃಹಿಣಿಯ ಅಭಿಪ್ರಾಯವು ಮಾತ್ರ ಬೇರೆ.

ನಾವು ಕೂಡಿಡುವುದು ಒಂದೇ ಬಗೆಯ ಗ್ರಂಥಗಳನ್ನು: ಕುಡಿತಕ್ಕೋ ಅಫೀಮಿಗೋ ಸಿಕ್ಕಿ, ಬಿಡಿಸಿಕೊಳ್ಳಲು ಹೆಣಗಿದವರು ತಮ್ಮ ಕಥೆಯನ್ನು ತಾವೇ ಬರೆದಿಟ್ಟವು, ಅದರಲ್ಲಿಯೂ ಮೊದಲ ಮುದ್ರಣದವು. ಇದಕ್ಕೆ ಕಾರಣವುಂಟು. ನಮ್ಮ ತಮ್ಮನು ಮೂವತ್ತೆಂಟನೆಯ ವಯಸ್ಸಿನಲ್ಲಿಯೇ ಕುಡಿತದಿಂದ ತೀರಿಕೊಂಡನು. ನಾವು ಅವನಿಗೆ ಶ್ಲೋಕಗಳನ್ನು ಹೇಳಿದೆವು. ಅವನ ಮಾತನ್ನು ಕೇಳಲಿಲ್ಲ.

ಇಂಥ ಆತ್ಮನಿವೇದನೆಯು ಹೊಸದೇನೂ ಅಲ್ಲ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜುಗಾರನೊಬ್ಬನು ತನ್ನ ಮನೆ ಹಾಳಾದ ಬಗೆಯನ್ನು ತಾನೇ ಹೇಳಿಕೊಂಡಿರುವನು. ಆಂಗ್ಲ ಲೇಖಕನಾದ ಡಿ ಕ್ವಿನ್ಸಿಯು ತನ್ನ ಅಫೀಮಿನ ಕಥೆಯನ್ನು 1821ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಹೆಸರು ಹಾಕದೆ ಪ್ರಕಟಿಸಿದನು. ಮರುವರ್ಷ ಅದು ಪುಸ್ತಕವಾಯಿತು. 1939ರಲ್ಲಿ ನ್ಯೂಯಾರ್ಕಿನಿಂದ ಹೊರಟ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಗ್ರಂಥದ ಮೇಲೆಯೂ ಬರೆದವರ ಹೆಸರಿಲ್ಲ. ಅದರ ಬೆಲೆ ಮೂರೂವರೆ ಡಾಲರು. ಕೊಂಡವರಿಗೆ ನಷ್ಟವೆನಿಸದಿರಲೆಂದು ದಪ್ಪ ಕಾಗದದ ಮೇಲೆ ಅಚ್ಚುಹಾಕಿಸಿದರಂತೆ. ಆದುದರಿಂದಲೇ ಅದಕ್ಕೆ ‘ಬಿಗ್ ಬುಕ್’ ಎಂಬ ಅಡ್ಡಹೆಸರು. ಕೆಂಪು ಬಟ್ಟೆಯ ರಟ್ಟುಳ್ಳ ಅದರ ಮೊದಲ ಮುದ್ರಣವು ಸಂಗ್ರಾಹಕರಿಗೆ ನಿಧಿಯಿದ್ದಂತೆ.

ಚಿನ್ನದ ಗಣಿಯ ಊರಿನಲ್ಲಿ ನಿವೃತ್ತ ಗುಮಾಸ್ತರೊಬ್ಬರ ಬಳಿ ಈ ಗ್ರಂಥದ ಹಳೆಯ ಪ್ರತಿಯೊಂದಿದೆಯೆಂದು ಸ್ನೇಹಿತರು ತಿಳಿಸಲು, ನಾವು ಬೆಂಗಳೂರಿನಿಂದ ಹೊರಟೆವು. ಬಂಗಾರಪೇಟೆಯಲ್ಲಿ ಇಳಿದು ಗಾಡಿ ಬದಲಾಯಿಸಿದೆವು. ಮೈಸೂರಿನ ಮುಖ್ಯ ಕಮೀಷನರಾಗಿದ್ದ ಬೌರಿಂಗನ ಹೆಸರಿನಿಂದ ಈ ಊರು ಹಿಂದೆ ಬೌರಿಂಗ್‌ಪೇಟೆಯಾಗಿದ್ದಿತು. ಅಲ್ಲಿಂದ ಕವಲೊಡೆಯುವ ರೈಲುದಾರಿಯು ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದಲ್ಲಿ ಮುಗಿಯುವುದು. ಕಿಟಕಿಯ ಹೊರಗೆ ಸಯನೈಡ್ ಗುಡ್ಡಗಳು ಕಾಣುತ್ತವೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಅಗೆದು, ಕಲ್ಲನ್ನು ಪುಡಿಮಾಡಿ, ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಮಣ್ಣು ಅದು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ಪಡೆದ ಈ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು.

ಗುಮಾಸ್ತರ ಮನೆಯು ಕಾರ್ಮಿಕರ ಲೈನು ಮನೆಗಳ ಸಾಲಿನ ಕೊನೆಯಲ್ಲಿದ್ದಿತು. ತಮಿಳು ಬೆರೆತ ಕನ್ನಡದಲ್ಲಿ ಆದರದಿಂದ ಬರಮಾಡಿಕೊಂಡು, ಕಾಫಿ ಕೊಟ್ಟು, ಪುಸ್ತಕವನ್ನು ನಮ್ಮ ಕೈಗಿತ್ತರು. ನೋಡಿದೊಡನೆಯೇ ನಮ್ಮ ಆಸೆಯು ಕುಗ್ಗಿತು. ಅದು 1955ರಲ್ಲಿ ಹೊರಟ ಎರಡನೆಯ ಆವೃತ್ತಿ. ಮೇಲುಹೊದಿಕೆಯಿಲ್ಲ, ಬೆನ್ನು ಹರಿದು, ಗೋಂದು ಹಚ್ಚಿದೆ. ಅಂಚುಗಳ ತುಂಬ ಪೆನ್ಸಿಲಿನಲ್ಲಿ ಬರೆದ ತಾರೀಖುಗಳು.

“ಏನು ಇವು, ಯಜಮಾನರೇ?” ಎಂದೆವು.

“ಗಣಿ ಮುಚ್ಚಿದ ಮೇಲೆ ನಾನು ಬಹಳ ಕುಡಿದೆ, ಮೇಷ್ಟ್ರೇ. ಆಗ ಬೆಂಗಳೂರಿನ ಹಳೆಯ ಪುಸ್ತಕದಂಗಡಿಯಲ್ಲಿ ಇದು ಸಿಕ್ಕಿತು. ಕುಡಿಯದ ದಿನ ಬೆಳಿಗ್ಗೆ ಒಂದು ಪುಟ ಓದಿ ತಾರೀಖು ಹಾಕುತ್ತೇನೆ.”

ಪುಟಗಳನ್ನು ತಿರುವಿದೆವು. ತಾರೀಖುಗಳು 2004ರಲ್ಲಿ ಆರಂಭವಾಗಿ, 2008ರಲ್ಲಿ ನಿಂತು, ಹದಿನಾಲ್ಕು ತಿಂಗಳ ತರುವಾಯ ಮತ್ತೆ ಮೊದಲ ಪುಟದಿಂದಲೇ ತೊಡಗಿದ್ದವು. ನಾವು ಆ ಬಿಡುವನ್ನು ಬೆರಳಿನಿಂದ ತೋರಿಸಿದೆವು.

“ಆಗ ಪುಸ್ತಕ ಮುಚ್ಚಿತ್ತು,” ಎಂದರು. ಒಳಗಿನಿಂದ ಅವರ ಹೆಂಡತಿ, “ತೆರೆದು ಕೈಗೆ ಕೊಟ್ಟವಳು ನಾನು,” ಎಂದರು.

ಮೊದಲ ಮುದ್ರಣವಲ್ಲದಿದ್ದರೂ ಆ ಪ್ರತಿಯ ಮೇಲೆ ನಮಗೆ ಮೋಹ ಹುಟ್ಟಿತು. ಕೇಳಿದಷ್ಟು ಕೊಡುವೆವೆಂದೆವು. ಅವರು ನಕ್ಕು, “ಕೊಡಲಾರೆ, ಮೇಷ್ಟ್ರೇ. ನಾಳೆ ಬೆಳಿಗ್ಗೆ ಬೇಕು,” ಎಂದುಬಿಟ್ಟರು.

ಹಿಂದಿರುಗುವ ಗಾಡಿಯಲ್ಲಿ ಸಂಜೆಯ ಬಿಸಿಲು ಆ ಗುಡ್ಡಗಳ ಮೇಲೆ ಬಿದ್ದಿದ್ದಿತು. ಒಂದು ಟನ್ನು ಕಲ್ಲಿನಿಂದ ಕೆಲವೇ ಗ್ರಾಂ ಚಿನ್ನ. ಅಷ್ಟಕ್ಕಾಗಿ ನೂರಿಪ್ಪತ್ತು ವರ್ಷಗಳ ದುಡಿಮೆ. ಒಬ್ಬ ಮನುಷ್ಯನ ಒಂದು ದಿನದ ಸಂಯಮಕ್ಕೂ ಎಷ್ಟು ಅಗೆಯಬೇಕೋ! ನಮ್ಮ ಬೀರುವಿನಲ್ಲಿರುವ ಪುಸ್ತಕಗಳ ಅಂಚುಗಳೆಲ್ಲ ಶುಭ್ರವಾಗಿವೆ. ಅದನ್ನೇ ನಾವು ಇಷ್ಟು ದಿನ ಬೆಲೆಯೆಂದು ಎಣಿಸಿದ್ದೆವು. ನಮ್ಮ ತಮ್ಮನು ಅವುಗಳಲ್ಲೊಂದನ್ನೂ ಕಾಣಲಿಲ್ಲ. ನಾವು ಕೊಳ್ಳತೊಡಗಿದ್ದೇ ಅವನು ಹೋದ ಮೇಲೆ.

ಮನೆಗೆ ಬಂದವರೇ ಗಾಜಿನ ಬೀರುವಿನ ಬೀಗವನ್ನು ತೆಗೆದೆವು. ವಾಚಕರ ಮನೆಯಲ್ಲಿ ಅಂಥವನೊಬ್ಬನಿದ್ದರೆ, ಉಪದೇಶಕ್ಕೆ ಮುಂಚೆ ಅವನ ಕಥೆಯನ್ನು ಕೇಳಬೇಕಾಗಿ ನಮ್ಮ ಪ್ರಾರ್ಥನೆ. ನಮ್ಮ ಪುಸ್ತಕಗಳು ಬೇಕಾದವರು ಒಯ್ಯಬಹುದು. ಪೆನ್ಸಿಲಿನಿಂದ ಗುರುತು ಹಾಕುವುದಕ್ಕೆ ಅಡ್ಡಿಯಿಲ್ಲ.