ಸದ್ದಿಲ್ಲದ ಸರ್ವರ್

ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಲಾರಿಗಳು ತೊಪ್ಪೂರು ಘಾಟಿಯಲ್ಲಿ ಹಗಲಿರುಳೂ ಗುಡುಗುತ್ತವೆ. 44ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಬಾಳುವವರಿಗೆ ಆ ಸದ್ದು ಅಭ್ಯಾಸವಾಗಿರುತ್ತದೆ. ಆದರೆ ಮಗು ಓದುವ, ಅಜ್ಜಿ ಮಲಗುವ ಕೋಣೆಯೊಳಗೆ ಇನ್ನೊಂದು ಯಂತ್ರ ಇರುಳಿಡೀ ಗುಂಯ್‌ಗುಡುವುದನ್ನು ಯಾರೂ ಸಹಿಸರು. ಆದುದರಿಂದ ಮನೆಯಲ್ಲೊಂದು ಸರ್ವರ್ ಇರಬೇಕೆನ್ನುವವರು ವೇಗಕ್ಕಿಂತ ಮೊದಲು ಅದರ ಸದ್ದನ್ನು ವಿಚಾರಿಸುವುದು ಲೇಸು.

ಸರ್ವರ್ ಎಂದರೆ ಹೆದರಬೇಕಾದ ವಸ್ತುವಲ್ಲ. ಸದಾ ಎಚ್ಚರವಾಗಿದ್ದು, ಕೇಳಿದ ಕಡತವನ್ನು ಮನೆಯ ವೈಫೈ ಮೂಲಕ ಎಲ್ಲರ ಫೋನುಗಳಿಗೂ ಒದಗಿಸುವ ಗಣಕಯಂತ್ರ, ಅಷ್ಟೆ. ಕರ್ನಾಟಕದ ಹೊರಗಿನ ಕನ್ನಡ ಕುಟುಂಬಗಳಿಗೆ ಅದರ ಅಗತ್ಯ ತುಸು ಹೆಚ್ಚೇ. ಪಾಠದ ಪಿಡಿಎಫ್ ತಾಯಿಯ ಫೋನಿನಲ್ಲಿ, ಹಾಡು ಮಾವನ ಫೋನಿನಲ್ಲಿ, ಅಜ್ಜಿಯ ಕತೆ ಇನ್ನಾರದೋ ಫೋನಿನಲ್ಲಿ ಚದರಿರುತ್ತವೆ. ಫೋನು ಕೆಟ್ಟ ದಿನ ಅವೂ ಹೋದಂತೆಯೇ. ಪಾಠವನ್ನು ಮತ್ತೆ ತರಬಹುದು. ತಮಿಳಿನೊಡನೆ ತಲೆಮಾರುಗಳ ಕಾಲ ಒಡನಾಡಿದ ಅಜ್ಜಿಯ ಕನ್ನಡವಾದರೋ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಇದಕ್ಕೆ ದೊಡ್ಡ ಪೆಟ್ಟಿಗೆ ಬೇಕಿಲ್ಲ. ಬ್ರಿಟನ್ನಿನಲ್ಲಿ ರೂಪುಗೊಂಡು 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಅಂಗೈಯಗಲದ್ದು. ಕಚೇರಿಗಳು ಬಳಸಿ ಮಾರುವ ಪುಸ್ತಕದ ಗಾತ್ರದ ಮಿನಿ ಪಿಸಿಯೂ ಆದೀತು. ಇವೆರಡಕ್ಕಿಂತ ಅಗ್ಗದ ದಾರಿ ಅನೇಕ ಮನೆಗಳ ಬೀರುವಿನಲ್ಲಿಯೇ ಇದೆ: 2011ರಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಅಣ್ಣನೋ ಅಕ್ಕನೋ ಪಡೆದ ಹಳೆಯ ಲ್ಯಾಪ್‌ಟಾಪ್. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಫ್ಯಾನಿನ ಧೂಳು ಒರೆಸಿದರೆ ಅದರ ಗೊಣಗಾಟ ಬಹುಮಟ್ಟಿಗೆ ನಿಲ್ಲುತ್ತದೆ. ಕರೆಂಟು ಹೋದಾಗ ಬ್ಯಾಟರಿ ತಾನೇ ಆಸರೆಯಾಗುತ್ತದೆ. ಅದು ಉಬ್ಬಿದ್ದರೆ ಮಾತ್ರ ಕೂಡಲೇ ತೆಗೆಸಬೇಕು, ಆ ವಿಷಯದಲ್ಲಿ ಉಳಿತಾಯ ಸಲ್ಲದು.

ವಿದ್ಯುತ್ತಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. 10 ವ್ಯಾಟ್ ಬಳಸುವ ಯಂತ್ರ 60 ದಿನ ಎಡೆಬಿಡದೆ ನಡೆದರೆ 14.4 ಯೂನಿಟ್. 80 ವ್ಯಾಟ್ ನುಂಗುವ ಹಳೆಯ ಡೆಸ್ಕ್‌ಟಾಪಾದರೆ 115.2 ಯೂನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ದೊರೆಯುವ 100 ಯೂನಿಟ್ ಉಚಿತ ವಿದ್ಯುತ್ತನ್ನು ಅದೊಂದೇ ಮುಗಿಸಿಬಿಡುತ್ತದೆ! ಪುಕ್ಕಟೆ ಸಿಕ್ಕಿತೆಂದು ಹಳೆಯ ಡೆಸ್ಕ್‌ಟಾಪನ್ನು ಮನೆಗೆ ತರುವವರು ಈ ಲೆಕ್ಕ ನೋಡುವುದಿಲ್ಲ.

ಮಿಕ್ಕ ಕೆಲಸಕ್ಕೆ ಒಂದು ಭಾನುವಾರ ಸಾಕು. ಡೆಬಿಯನ್ ಲಿನಕ್ಸ್ ಉಚಿತ. ಕಡತ ಹಂಚಲು ಸಾಂಬಾ, ಇಂಟರ್ನೆಟ್ ಇಲ್ಲದೆಯೂ ವಿಕಿಪೀಡಿಯ ಓದಿಸಲು ಕಿವಿಕ್ಸ್, ಇವೂ ಉಚಿತವೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಡಿಯಾಗಿ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುವಷ್ಟಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳನ್ನೂ ಒಮ್ಮೆ ಇಳಿಸಿಟ್ಟರೆ ನೆಟ್‌ವರ್ಕ್ ಕೈಕೊಟ್ಟ ಸಂಜೆ ಓದು ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಲು ಮರೆಯಬಾರದು.

ಇನ್ನು ಅಜ್ಜಿಯ ದನಿ. ಮುದ್ರಿಸಿದ ದಿನವೇ ಕಡತಕ್ಕೆ ಆಕೆಯ ಹೆಸರು, ಊರು, ತಾರೀಖು, ಕತೆಯ ಮೊದಲ ಮಾತು ಇಷ್ಟನ್ನು ಕನ್ನಡದಲ್ಲಿಯೇ ಬರೆದಿಡಬೇಕು. ಆ ಕೆಲಸ ಮೊಮ್ಮಕ್ಕಳಿಗಿರಲಿ. ಒಂದೇ ಡಿಸ್ಕನ್ನು ನಂಬುವಂತಿಲ್ಲ. ತಿಂಗಳಿಗೊಮ್ಮೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಹೊಸೂರಿನಲ್ಲೋ ತಾಳವಾಡಿಯಲ್ಲೋ ಇರುವ ಚಿಕ್ಕಮ್ಮನ ಮನೆಗೆ ಹಬ್ಬಕ್ಕೆ ಹೋಗುವಾಗ ಒಯ್ದು ಅಲ್ಲಿಟ್ಟು, ಅಲ್ಲಿರುವ ಹಳೆಯದನ್ನು ಮರಳಿ ತಂದರಾಯಿತು.